ಎಲ್ಲರಿಗೂ ಒಂದೇ ಸೇರು: ಪ್ರೋಗ್ರಾಮಿಂಗ್ ಭಾಷೆಗೊಂದು ಸ್ಟ್ಯಾಂಡರ್ಡ್ ಲೈಬ್ರರಿ ಕಟ್ಟುವ ಬಗೆ

ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಳೆಯ ಲೆಕ್ಕ ಹಾಕುವ ಒಂದು ಫೋರ್ಟ್ರಾನ್ ಪ್ರೋಗ್ರಾಮ್ ನನ್ನ ಕೈಗೆ ಬಂತು. ಮೂರು ಜನ ಬೇರೆ ಬೇರೆ ವರ್ಷಗಳಲ್ಲಿ ಬರೆದದ್ದು. ಎರಡು ಅಳತೆಗಳ ನಡುವಿನ ಬೆಲೆಯನ್ನು ಅಂದಾಜು ಮಾಡುವ ಇಂಟರ್‌ಪೊಲೇಶನ್ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡ್‌ನ ತುಂಡು) ಅದರಲ್ಲಿ ಮೂರು ಕಡೆ ಇತ್ತು. ಕೇಳಿದ ಬಿಂದು ಅಳತೆಯ ಎಲ್ಲೆಯಿಂದ ಹೊರಗಿದ್ದರೆ ಒಂದು ಫಂಕ್ಷನ್ ಸೊನ್ನೆ ಕೊಡುತ್ತಿತ್ತು. ಇನ್ನೊಂದು ಕೊನೆಯ ಬೆಲೆಯನ್ನೇ ಕೊಡುತ್ತಿತ್ತು. ಮೂರನೆಯದು ಗೆರೆಯನ್ನು ಹಾಗೇ ಮುಂದಕ್ಕೆ ಎಳೆದುಬಿಡುತ್ತಿತ್ತು. ಬರೆದ ಮೂವರಿಗೂ ಅವರವರದು ಸರಿ. ಒಟ್ಟು ಮಳೆ ಮಾತ್ರ ತಾಳೆಯಾಗುತ್ತಿರಲಿಲ್ಲ. ಕಾರಣ ಹುಡುಕಲು ನನಗೆ ಒಂಬತ್ತು ದಿನ ಹಿಡಿಯಿತು.

ಹಿಂದೆ ಒಂದೊಂದು ಸೀಮೆಯಲ್ಲಿ ಒಂದೊಂದು ಸೇರು ಇತ್ತು. ಸಂತೆಗೆ ಹೋದವರು ಮೊದಲು ಯಾವೂರ ಸೇರು ಎಂದು ಕೇಳಬೇಕಿತ್ತು. ಆ ಮೂರು ಫಂಕ್ಷನ್‌ಗಳ ಕಥೆಯೂ ಅದೇ. ಕೋಡ್‌ನಲ್ಲಿ ತಪ್ಪಿರಲಿಲ್ಲ, ಬರೆದವರ ನಡುವೆ ಒಪ್ಪಂದ ಇರಲಿಲ್ಲ. ಒಂದು ಭಾಷೆಯ ಎಲ್ಲ ಬಳಕೆದಾರರಿಗೂ ಸಿದ್ಧವಾಗಿ ಸಿಗುವ ಫಂಕ್ಷನ್‌ಗಳ ಸಂಗ್ರಹಕ್ಕೆ ಸ್ಟ್ಯಾಂಡರ್ಡ್ ಲೈಬ್ರರಿ ಎನ್ನುತ್ತಾರೆ. ನಿಜದಲ್ಲಿ ಅದು ಆ ಒಪ್ಪಂದ. ಕೋಡ್ ಆಮೇಲಿನ ಮಾತು. ಈ ಲೇಖನದ ಎಲ್ಲ ಹೆಜ್ಜೆಗಳೂ ಇದೊಂದೇ ತಿಳಿವಿನಿಂದ ಹೊರಟಿವೆ.

ಉದಾಹರಣೆಗೆ ಫೋರ್ಟ್ರಾನನ್ನೇ ಜಾಸ್ತಿ ಬಳಸುತ್ತೇನೆ. ಐಬಿಎಂನಲ್ಲಿ ಜಾನ್ ಬ್ಯಾಕಸ್ ಅವರ ತಂಡ 1957ರಲ್ಲಿ ಹೊರತಂದ ಭಾಷೆ ಅದು. ಹವಾಮಾನ, ಭೌತಶಾಸ್ತ್ರ, ಎಂಜಿನಿಯರಿಂಗ್ ಲೆಕ್ಕಗಳಲ್ಲಿ ಇವತ್ತಿಗೂ ದುಡಿಯುತ್ತಿದೆ. ಆದರೆ ಅರವತ್ತು ವರ್ಷ ಕಳೆದರೂ ಅದಕ್ಕೆ ಎಲ್ಲರದ್ದೂ ಅನ್ನಿಸಿಕೊಳ್ಳುವ ಒಂದು ಸ್ಟ್ಯಾಂಡರ್ಡ್ ಲೈಬ್ರರಿ ಇರಲಿಲ್ಲ. ಸೈನ್, ವರ್ಗಮೂಲ, ಮ್ಯಾಟ್ರಿಕ್ಸ್ ಗುಣಾಕಾರ ಇಂಥವು ಭಾಷೆಯ ಒಳಗೇ ಇದ್ದವು. ಒಂದು ಅರೇಯನ್ನು (ಸಾಲಾಗಿ ಜೋಡಿಸಿಟ್ಟ ಬೆಲೆಗಳನ್ನು) ಸಾರ್ಟ್ ಮಾಡಬೇಕೆಂದರೆ, ಅಂದರೆ ಕ್ರಮಕ್ಕೆ ತರಬೇಕೆಂದರೆ, ನೀವೇ ಬರೆದುಕೊಳ್ಳಬೇಕಿತ್ತು. 2019ರ ಕೊನೆಯಲ್ಲಿ ಒಂಡ್ರೆಯ್ ಚೆರ್ತೀಕ್, ಮಿಲನ್ ಚುರ್ಚಿಚ್ ಮತ್ತು ಜೊತೆಗಾರರು ಸೇರಿ 'ಎಸ್‌ಟಿಡಿಲಿಬ್' ಎಂಬ ಸಾಮೂಹಿಕ ಲೈಬ್ರರಿ ಶುರು ಮಾಡಿದರು. ಹಳೇ ಭಾಷೆ, ಚದುರಿದ ಜನ, ಹಲವು ಕಂಪೈಲರ್‌ಗಳು (ಬರೆದ ಕೋಡನ್ನು ಕಂಪ್ಯೂಟರ್ ಓಡಿಸುವ ರೂಪಕ್ಕೆ ತರುವ ಪ್ರೋಗ್ರಾಮ್‌ಗಳು). ಇಷ್ಟೆಲ್ಲ ತೊಡಕುಗಳ ನಡುವೆ ಅವರು ಹಿಡಿದ ದಾರಿ ಬೇರೆ ಭಾಷೆಯವರಿಗೂ ಕೆಲಸಕ್ಕೆ ಬರುತ್ತದೆ.

1. ಜನ ಏನನ್ನು ಮತ್ತೆ ಮತ್ತೆ ಬರೆಯುತ್ತಿದ್ದಾರೆ ನೋಡಿ

ಲೈಬ್ರರಿಯಲ್ಲಿ ಏನಿರಬೇಕು ಎಂದು ಕೇಳಿದರೆ ಎಲ್ಲರೂ ತಮ್ಮ ಕನಸು ಹೇಳುತ್ತಾರೆ. ಅದರ ಬದಲು ಬರೆದಿರುವ ಕೋಡ್ ನೋಡಿ. ನಿಮ್ಮ ಭಾಷೆಯ ಇಪ್ಪತ್ತು ಮೂವತ್ತು ಒಳ್ಳೆಯ ಪ್ರಾಜೆಕ್ಟ್‌ಗಳನ್ನು ತೆಗೆದುಕೊಳ್ಳಿ. ಯುಟಿಲ್ಸ್, ಹೆಲ್ಪರ್ಸ್, ಕಾಮನ್ ಎಂಬ ಹೆಸರಿನ ಫೈಲ್‌ಗಳನ್ನು ತೆರೆಯಿರಿ. ಭಾಷೆಯಲ್ಲಿ ಇಲ್ಲದ್ದೆಲ್ಲ ಅಲ್ಲಿ ಸಿಗುತ್ತದೆ.

ಫೋರ್ಟ್ರಾನ್‌ನಲ್ಲಿ ಹೀಗೆ ನೋಡಿದರೆ ಕಣ್ಣಿಗೆ ಬೀಳುತ್ತಿದ್ದದ್ದು ಇವು: ಸಾರ್ಟಿಂಗ್, ಸರಾಸರಿ, ಫೈಲ್‌ನಿಂದ ಅಂಕಿಗಳ ಕೋಷ್ಟಕ ಓದುವುದು, ಅಕ್ಷರಗಳನ್ನು ದೊಡ್ಡಕ್ಷರ ಮಾಡುವುದು, ಎರಡು ಅಂಕಿಗಳ ನಡುವೆ ಸಮ ಅಂತರದ ಬಿಂದುಗಳನ್ನು ಕೊಡುವ ಲಿನ್‌ಸ್ಪೇಸ್. ಇದರ ಜೊತೆಗೆ ಇನ್ನೊಂದು ಪುಟ್ಟ ವಿಷಯ. ಫಂಕ್ಷನ್‌ಗೆ ನಾವು ಕೊಡುವ ಬೆಲೆಗೆ ಆರ್ಗ್ಯುಮೆಂಟ್ ಎನ್ನುತ್ತಾರೆ. ಫೋರ್ಟ್ರಾನ್‌ನಲ್ಲಿ ಐಚ್ಛಿಕ ಆರ್ಗ್ಯುಮೆಂಟ್ ಇಡಬಹುದು, ಆದರೆ ಅದಕ್ಕೆ ಡೀಫಾಲ್ಟ್ ಬೆಲೆ (ಕೊಡದಿದ್ದಾಗ ತಾನಾಗಿ ಬರುವ ಬೆಲೆ) ಇಡಲು ಬರುವುದಿಲ್ಲ. ಹಾಗಾಗಿ ಪ್ರತಿ ಫಂಕ್ಷನ್‌ನಲ್ಲೂ 'ಕೊಟ್ಟಿದ್ದರೆ ಇದು, ಇಲ್ಲದಿದ್ದರೆ ಅದು' ಎಂಬ ಐದು ಸಾಲು ಬರೆಯಬೇಕು. ಎಸ್‌ಟಿಡಿಲಿಬ್‌ನ 'ಆಪ್ಟ್‌ವಾಲ್' ಈ ಐದು ಸಾಲನ್ನು ಒಂದು ಸಾಲಿಗೆ ಇಳಿಸುತ್ತದೆ. ನೋಡಲು ಸಣ್ಣದು. ಆದರೆ ದಿನಾ ಬಳಸುವ ಸಣ್ಣ ಸಾಮಾನೇ ಲೈಬ್ರರಿಗೆ ಮೊದಲ ಬಳಕೆದಾರರನ್ನು ತಂದುಕೊಡುತ್ತದೆ. ಇಂಥದ್ದರಿಂದಲೇ ಶುರು ಮಾಡಿ.

2. ಎಲ್ಲೆ ಹಾಕಿ, ಅದನ್ನು ಬರೆದಿಡಿ

ಒಳಗೆ ಸೇರಿಸುವುದು ಒಂದು ದಿನದ ಕೆಲಸ. ಹೊರಗೆ ತೆಗೆಯುವುದು ಒಂದು ತಲೆಮಾರಿನ ಕೆಲಸ. ಸುಮ್ನೆ ಹೇಳುತ್ತಿಲ್ಲ. ಸಿ ಭಾಷೆಯ 'ಗೆಟ್ಸ್' ಫಂಕ್ಷನ್ ನೋಡಿ. ಬರುವ ಸಾಲು ಎಷ್ಟು ಉದ್ದ ಎಂದು ಅದು ನೋಡುವುದೇ ಇಲ್ಲ. ಜಾಗ ಮುಗಿದರೂ ಬರೆಯುತ್ತಲೇ ಹೋಗುತ್ತದೆ. 1988ರ ನವೆಂಬರ್‌ನಲ್ಲಿ ಇಂಟರ್‌ನೆಟ್‌ನಲ್ಲಿ ತಾನಾಗಿ ಹರಡಿದ ಮೋರಿಸ್ ವರ್ಮ್ ಎಂಬ ಕೇಡಿನ ಪ್ರೋಗ್ರಾಮ್ ಒಳನುಗ್ಗಿದ ದಾರಿಗಳಲ್ಲಿ ಈ ಗೆಟ್ಸ್ ಕೂಡ ಒಂದು. ಅಪಾಯ ಅಷ್ಟು ಸ್ಪಷ್ಟವಾಗಿದ್ದರೂ ಅದು ಸಿ ಸ್ಟ್ಯಾಂಡರ್ಡ್‌ನಿಂದ ಪೂರ್ತಿ ಹೊರಬಿದ್ದದ್ದು 2011ರ ಆವೃತ್ತಿಯಲ್ಲಿ. ಇಪ್ಪತ್ತಮೂರು ವರ್ಷ!

ಪೈಥಾನ್ ಇನ್ನೊಂದು ಪಾಠ. 'ಬ್ಯಾಟರಿ ಒಳಗೇ ಇದೆ' ಎನ್ನುವುದು ಆ ಭಾಷೆಯ ಹೆಮ್ಮೆಯ ಮಾತು. ಆ ಹೆಮ್ಮೆ ಸುಳ್ಳಲ್ಲ, ಪೈಥಾನ್ ಕಲಿಯುವವರಿಗೆ ಅದರಿಂದ ಆದ ಉಪಕಾರ ದೊಡ್ಡದು. ಆದರೆ ಟೆಲ್ನೆಟ್, ಸಿಜಿಐ ಎಂಬ ಹಳೇ ನೆಟ್‌ವರ್ಕ್ ಪದ್ಧತಿಗಳ, ಹಳೇ ಆಡಿಯೊ ಫೈಲ್‌ಗಳ ಮಾಡ್ಯೂಲ್‌ಗಳು (ಲೈಬ್ರರಿಯ ಭಾಗಗಳು) ಕಾಲ ಕಳೆದಂತೆ ಹೊರೆಯಾದವು. ನೋಡಿಕೊಳ್ಳುವವರು ಇರಲಿಲ್ಲ. ಕೊನೆಗೆ ಪೆಪ್ 594 ಎಂಬ ಪ್ರಸ್ತಾವದ ಮೂಲಕ ಇಂಥ 19 ಮಾಡ್ಯೂಲ್‌ಗಳನ್ನು 2024ರ ಅಕ್ಟೋಬರ್‌ನಲ್ಲಿ ಬಂದ 3.13 ಆವೃತ್ತಿಯಲ್ಲಿ ತೆಗೆದರು.

ಹಾಗಂತ ಏನೂ ಇಡದೆ ಇರುವುದೂ ಸರಿಯಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಸ್ಟ್ರಿಂಗ್‌ನ (ಅಕ್ಷರಗಳ ಸಾಲಿನ) ಎಡಕ್ಕೆ ಖಾಲಿ ಜಾಗ ತುಂಬುವ ಫಂಕ್ಷನ್ ಭಾಷೆಯಲ್ಲಿ ಇರಲಿಲ್ಲ. ಜನ 'ಲೆಫ್ಟ್-ಪ್ಯಾಡ್' ಎಂಬ 11 ಸಾಲಿನ ಪ್ಯಾಕೇಜನ್ನು (ಯಾರೋ ಬರೆದು ಹಂಚಿದ ಕೋಡನ್ನು) ನಂಬಿಕೊಂಡಿದ್ದರು. 2016ರ ಮಾರ್ಚ್‌ನಲ್ಲಿ ಅದನ್ನು ಬರೆದವರು ವಾಪಸ್ ತೆಗೆದುಕೊಂಡರು. ಲೋಕದ ತುಂಬ ಬಿಲ್ಡ್‌ಗಳು, ಅಂದರೆ ಕೋಡ್‌ನಿಂದ ಪ್ರೋಗ್ರಾಮ್ ಕಟ್ಟುವ ಕೆಲಸ, ನಿಂತುಹೋದವು. ಮರುವರ್ಷದ ಸ್ಟ್ಯಾಂಡರ್ಡ್‌ನಲ್ಲಿ 'ಪ್ಯಾಡ್‌ಸ್ಟಾರ್ಟ್' ಭಾಷೆಯೊಳಗೇ ಬಂತು.

ಹಾಗಾದರೆ ಗೆರೆ ಎಲ್ಲಿ ಎಳೆಯುವುದು? ನಾನು ಮೂರು ಪ್ರಶ್ನೆ ಕೇಳುತ್ತೇನೆ.

ಇದನ್ನು ತುಂಬಾ ಜನ ಮತ್ತೆ ಮತ್ತೆ ಬರೆಯುತ್ತಿದ್ದಾರೆಯೇ? ಮುಂದಿನ ಹತ್ತು ವರ್ಷ ಇದು ಹೀಗೇ ಇರುತ್ತದೆಯೇ? ಸಾರ್ಟಿಂಗ್ ಇರುತ್ತದೆ, ಸರಾಸರಿ ಇರುತ್ತದೆ. ಈ ವರ್ಷ ಬಂದ ನೆಟ್‌ವರ್ಕ್ ಪ್ರೋಟೋಕಾಲ್ ಬಗ್ಗೆ ಹಾಗೆ ಹೇಳಲಾಗದು. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ಇದು ಎರಡು ಪ್ಯಾಕೇಜ್‌ಗಳ ನಡುವೆ ಕೈಬದಲಾಗುವ ವಸ್ತುವೇ? ಸ್ಟ್ರಿಂಗ್, ದಿನಾಂಕ, ದೋಷದ ಮಾಹಿತಿ, ಹೆಸರು ಹೇಳಿದರೆ ಬೆಲೆ ಕೊಡುವ ಹ್ಯಾಶ್‌ಮ್ಯಾಪ್ ಇಂಥವು. ನಿಮ್ಮ ಪ್ಯಾಕೇಜ್ ಕೊಡುವ ದಿನಾಂಕವನ್ನು ನನ್ನ ಪ್ಯಾಕೇಜ್ ತೆಗೆದುಕೊಳ್ಳಬೇಕಾದರೆ ಇಬ್ಬರಿಗೂ ಒಂದೇ ಟೈಪ್ ಬೇಕು. ಇಂಥದ್ದು ಸ್ವಲ್ಪ ಕಡಿಮೆ ಗುಣಮಟ್ಟದ್ದಾದರೂ ಎಲ್ಲರದ್ದೂ ಒಂದೇ ಇದ್ದರೆ ಲಾಭವೇ.

ಉತ್ತರಗಳನ್ನು ಒಂದು ಪುಟದಲ್ಲಿ ಬರೆದಿಡಿ. ಮುಖ್ಯವಾಗಿ 'ಇವು ಸೇರುವುದಿಲ್ಲ' ಎಂಬ ಪಟ್ಟಿ ಮಾಡಿ. ಮುಂದೆ ಯಾರದೋ ಪ್ರೀತಿಯ ಕೋಡ್‌ಗೆ ಇಲ್ಲ ಎನ್ನಬೇಕಾದ ದಿನ ಆ ಪುಟ ನಿಮ್ಮ ಸ್ನೇಹವನ್ನು ಉಳಿಸುತ್ತದೆ.

3. ಲೈಸೆನ್ಸ್ ಮೊದಲ ದಿನವೇ

ಇದರಲ್ಲಿ ಜಾಸ್ತಿ ಮಾತಿಲ್ಲ. ಎಲ್ಲರೂ, ಕಂಪನಿಗಳೂ ಸೇರಿ, ಎಲ್ಲಿ ಬೇಕಾದರೂ ಬಳಸಬಹುದಾದ ಲೈಸೆನ್ಸ್ ಆರಿಸಿ. ಎಸ್‌ಟಿಡಿಲಿಬ್ ಎಂಐಟಿ ಲೈಸೆನ್ಸ್ ಇಟ್ಟುಕೊಂಡಿದೆ. ನೂರು ಜನರ ಕೋಡ್ ಸೇರಿದ ಮೇಲೆ ಲೈಸೆನ್ಸ್ ಬದಲಿಸಬೇಕೆಂದರೆ ಆ ನೂರೂ ಜನರನ್ನು ಹುಡುಕಿ ಒಪ್ಪಿಗೆ ಪಡೆಯಬೇಕು.

ಬೇರೆ ಕಡೆಯಿಂದ ತಂದ ಕೋಡ್ ಎಲ್ಲಿಂದ ಬಂತು ಎಂದು ಬರೆದಿಡಿ. ಎಸ್‌ಟಿಡಿಲಿಬ್‌ನ 'ಆರ್ಡ್‌ಸಾರ್ಟ್' ರಸ್ಟ್ ಭಾಷೆಯ ಸಾರ್ಟ್ ಕೋಡನ್ನು ಆಧರಿಸಿದ್ದು. ಆ ಮೂಲ ಮತ್ತು ಅದರ ಲೈಸೆನ್ಸ್ ಎರಡನ್ನೂ ಅವರು ಡಾಕ್ಯುಮೆಂಟೇಶನ್‌ನಲ್ಲೇ ಹೇಳಿದ್ದಾರೆ. ಪಠ್ಯಪುಸ್ತಕದಲ್ಲಿ ಅಚ್ಚಾದ ಕೋಡ್ ಎಂದರೆ ಯಾರು ಬೇಕಾದರೂ ಹಂಚಬಹುದು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅನುಮಾನ ಬಂದರೆ ಬಿಟ್ಟುಬಿಡಿ, ಹೊಸದಾಗಿ ಬರೆಯಿರಿ.

4. ಪ್ರಸ್ತಾವ ನಡೆಯಬೇಕಾದ ದಾರಿ

ಯಾರೋ ಒಬ್ಬರು ಎರಡು ಸಾವಿರ ಸಾಲಿನ ಕೋಡ್ ತಂದು 'ಇದನ್ನು ಸೇರಿಸಿಕೊಳ್ಳಿ' ಅಂದರೆ ಏನು ಮಾಡುತ್ತೀರಿ? ಅವರು ತಿಂಗಳುಗಟ್ಟಲೆ ದುಡಿದಿದ್ದಾರೆ. ಈಗ ಹೆಸರು ಸರಿಯಿಲ್ಲ, ಆರ್ಗ್ಯುಮೆಂಟ್ ಬದಲಿಸಿ ಎಂದರೆ ಮನಸ್ಸಿಗೆ ನೋವಾಗುತ್ತದೆ. ಅದಕ್ಕೇ ಮಾತು ಮೊದಲು, ಕೋಡ್ ಆಮೇಲೆ.

ಎಸ್‌ಟಿಡಿಲಿಬ್‌ನವರು ಐದು ಹಂತ ಮಾಡಿಕೊಂಡಿದ್ದಾರೆ. ಮೊದಲು ಐಡಿಯಾ: ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಒಂದು ಇಶ್ಯೂ (ಚರ್ಚೆಯ ಎಳೆ) ತೆರೆದು 'ಇಂಥದ್ದು ಬೇಕು ಅನ್ನಿಸುತ್ತದೆ, ನಿಮಗೂ ಬೇಕಾ?' ಎಂದು ಕೇಳುವುದು. ಆಸಕ್ತಿ ಕಂಡರೆ ಎಪಿಐ: ಫಂಕ್ಷನ್‌ನ ಹೆಸರೇನು, ಏನು ತೆಗೆದುಕೊಳ್ಳುತ್ತದೆ, ಏನು ಕೊಡುತ್ತದೆ. ಇಲ್ಲಿಯವರೆಗೆ ಒಳಗಿನ ಕೋಡ್ ಬಗ್ಗೆ ಮಾತೇ ಇಲ್ಲ. ಮೂರನೆಯದು ಸ್ಪೆಸಿಫಿಕೇಶನ್, ಅಂದರೆ ಒಪ್ಪಿದ್ದನ್ನು ಬರಹಕ್ಕೆ ಇಳಿಸುವುದು. ನಾಲ್ಕನೆಯದಾಗಿ ಕೋಡ್, ಅದೂ 'ಪ್ರಾಯೋಗಿಕ' ಎಂಬ ಹಣೆಪಟ್ಟಿಯೊಂದಿಗೆ. ಸಾಕಷ್ಟು ಜನ ಬಳಸಿ ನೋಡಿದ ಮೇಲಷ್ಟೇ ಐದನೆಯ ಹಂತ, ಸ್ಥಿರ ಬಿಡುಗಡೆ.

ಸ್ಕೀಮ್ ಭಾಷೆಯವರದು ಇನ್ನೂ ಹಳೇ ಪದ್ಧತಿ. 1998ರಿಂದ ಅವರು 'ಸರ್ಫಿ' ಎಂಬ ಪ್ರಸ್ತಾವಗಳನ್ನು ನಡೆಸಿಕೊಂಡು ಬಂದಿದ್ದಾರೆ. ಪ್ರತಿ ಕರಡನ್ನೂ ಕನಿಷ್ಠ 60 ದಿನ ಚರ್ಚೆಗೆ ಇಡಬೇಕು. ಜೊತೆಗೆ ಓಡುವ ಒಂದು ಮಾದರಿ ಕೋಡ್ ಇರಬೇಕು. ಈ 60 ದಿನದ ನಿಯಮ ನನಗೆ ತುಂಬಾ ಇಷ್ಟ. ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವವರಿಗೆ, ಪರೀಕ್ಷೆ ಇರುವ ವಿದ್ಯಾರ್ಥಿಗಳಿಗೆ, ಇನ್ನೊಂದು ದೇಶದಲ್ಲಿ ರಾತ್ರಿ ಎದ್ದಿರುವವರಿಗೆ ಎಲ್ಲರಿಗೂ ಓದಿ ಉತ್ತರಿಸಲು ಸಮಯ ಸಿಗುತ್ತದೆ. ಎರಡು ದಿನದಲ್ಲಿ ತೀರ್ಮಾನ ಮಾಡಿದರೆ ಆನ್‌ಲೈನ್‌ನಲ್ಲೇ ಕೂತಿರುವ ನಾಲ್ಕು ಜನರ ಮಾತೇ ಎಲ್ಲರ ಮಾತಾಗಿಬಿಡುತ್ತದೆ.

5. ಹೆಸರು, ಕ್ರಮ, ಅಂಚು: ನಿಜವಾದ ಕೆಲಸ ಇಲ್ಲಿದೆ

ಹೊರಗಿನವರಿಗೆ ಇದು ಚಿಕ್ಕ ವಿಷಯದ ದೊಡ್ಡ ಜಗಳ ಅನ್ನಿಸಬಹುದು. ಒಳಗಿನ ಅಲ್ಗಾರಿದಮ್ ಯಾವಾಗ ಬೇಕಾದರೂ ಬದಲಿಸಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಹೆಸರು ಬದಲಿಸಿದರೆ ಎಲ್ಲರ ಕೋಡ್ ಮುರಿಯುತ್ತದೆ. ಹಾಗಾಗಿ ಸಮಯ ಇಲ್ಲೇ ಕಳೆಯಿರಿ.

ಆರ್ಗ್ಯುಮೆಂಟ್‌ಗಳ ಕ್ರಮದಿಂದ ಶುರು ಮಾಡೋಣ. ಪಿಎಚ್‌ಪಿಯಲ್ಲಿ 'ಅರೇ ಮ್ಯಾಪ್' ಮೊದಲು ಫಂಕ್ಷನ್ ಕೇಳುತ್ತದೆ, ಆಮೇಲೆ ಅರೇ. 'ಅರೇ ಫಿಲ್ಟರ್' ಮೊದಲು ಅರೇ ಕೇಳುತ್ತದೆ, ಆಮೇಲೆ ಫಂಕ್ಷನ್. ಎರಡೂ ಒಂದೇ ಲೈಬ್ರರಿಯಲ್ಲಿವೆ, ಒಂದೇ ಬಗೆಯ ಕೆಲಸ ಮಾಡುತ್ತವೆ. ಬರೆಯುವವರು ಪ್ರತಿ ಸಲ ಡಾಕ್ಯುಮೆಂಟೇಶನ್ ತೆರೆದು ನೋಡಬೇಕು. ನಿಮ್ಮ ಲೈಬ್ರರಿಗೆ ಒಂದು ನಿಯಮ ಇರಲಿ. ಉದಾಹರಣೆಗೆ, ಯಾವುದರ ಮೇಲೆ ಕೆಲಸ ನಡೆಯುತ್ತದೋ ಅದು ಯಾವಾಗಲೂ ಮೊದಲು. ನಿಯಮ ಯಾವುದು ಎನ್ನುವುದಕ್ಕಿಂತ ಎಲ್ಲ ಕಡೆ ಅದೇ ಇರುವುದು ಮುಖ್ಯ.

ಹೆಸರಿಡುವಾಗ ಈಗಾಗಲೇ ಯಾರಾದರೂ ಆ ಹೆಸರು ಬಳಸುತ್ತಿದ್ದಾರಾ ನೋಡಿ. ಜಾವಾಸ್ಕ್ರಿಪ್ಟ್‌ಗೆ 'ಫ್ಲ್ಯಾಟನ್' ಎಂಬ ಫಂಕ್ಷನ್ ಸೇರಿಸಲು ಹೊರಟಾಗ, ಮೂಟೂಲ್ಸ್ ಎಂಬ ಹಳೇ ಲೈಬ್ರರಿ ಅದೇ ಹೆಸರನ್ನು ತನ್ನದೇ ರೀತಿಯಲ್ಲಿ ಬಳಸಿದ್ದು 2018ರಲ್ಲಿ ಗೊತ್ತಾಯಿತು. ಅದನ್ನು ನಂಬಿದ್ದ ಹಳೇ ತಾಣಗಳು ಮುರಿಯತೊಡಗಿದವು. ಕೊನೆಗೆ 'ಫ್ಲ್ಯಾಟ್' ಎಂಬ ಹೆಸರು ನಿಂತಿತು. ಯಾವತ್ತೋ ಮಾಡಿದ, ಯಾರೂ ನೋಡಿಕೊಳ್ಳದ ತಾಣಗಳನ್ನೂ ಕೆಡಿಸಬಾರದು ಎಂದು ಜಾವಾಸ್ಕ್ರಿಪ್ಟ್‌ನವರು ನಿಂತದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಇನ್ನು ಅಂಚುಗಳು, ಅಂದರೆ ಅಪರೂಪಕ್ಕೆ ಬರುವ ವಿಚಿತ್ರ ಸಂದರ್ಭಗಳು. ನನ್ನ ಒಂಬತ್ತು ದಿನ ಹಾಳಾದದ್ದು ಇಲ್ಲೇ. ಲಿನ್‌ಸ್ಪೇಸ್‌ಗೆ 0ಯಿಂದ 10ರವರೆಗೆ ಒಂದೇ ಒಂದು ಬಿಂದು ಕೊಡು ಎಂದರೆ ಏನು ಕೊಡಬೇಕು? ಪೈಥಾನ್‌ನ ನಂಪೈ 0 ಕೊಡುತ್ತದೆ. ಮ್ಯಾಟ್‌ಲ್ಯಾಬ್ 10 ಕೊಡುತ್ತದೆ. ಫೋರ್ಟ್ರಾನ್‌ನ ಎಸ್‌ಟಿಡಿಲಿಬ್ ಕೂಡ 10 ಕೊಡುತ್ತದೆ, ಹಾಗೆಂದು ಬರೆದೂ ಇಟ್ಟಿದೆ.

ವೇರಿಯನ್ಸ್, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ, ಇನ್ನೂ ಸೂಕ್ಷ್ಮ. 2, 4, 6 ಎಂಬ ಮೂರು ಅಂಕಿ ತೆಗೆದುಕೊಳ್ಳಿ. ಸರಾಸರಿ 4. ವ್ಯತ್ಯಾಸಗಳ ವರ್ಗಗಳ ಮೊತ್ತ 8. ಇದನ್ನು 3ರಿಂದ ಭಾಗಿಸಬೇಕೋ 2ರಿಂದಲೋ? ನಂಪೈ ನೀವು ಏನೂ ಹೇಳದಿದ್ದರೆ 3ರಿಂದ ಭಾಗಿಸಿ ಸುಮಾರು 2.67 ಎನ್ನುತ್ತದೆ. ಎಸ್‌ಟಿಡಿಲಿಬ್ ಏನೂ ಹೇಳದಿದ್ದರೆ 2ರಿಂದ ಭಾಗಿಸಿ 4 ಎನ್ನುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಎರಡಕ್ಕೂ ಜಾಗ ಇದೆ. ಎರಡು ಲೈಬ್ರರಿಗಳಲ್ಲೂ ಇನ್ನೊಂದನ್ನು ಕೇಳಿ ಪಡೆಯುವ ದಾರಿಯೂ ಇದೆ. ಆದರೆ ಒಬ್ಬ ವಿದ್ಯಾರ್ಥಿ ಪೈಥಾನ್‌ನಲ್ಲಿ ಮಾಡಿದ ಲೆಕ್ಕವನ್ನು ಫೋರ್ಟ್ರಾನ್‌ಗೆ ತಂದಾಗ ಉತ್ತರ ಬದಲಾದರೆ ಎಷ್ಟು ಗಾಬರಿಯಾಗಬಹುದು, ಅಲ್ವಾ? ಅದಕ್ಕೆ ಪ್ರತಿ ಪ್ರಸ್ತಾವದಲ್ಲೂ ಒಂದು ಪುಟ ಅಂಚುಗಳಿಗೇ ಮೀಸಲಿಡಿ. ಖಾಲಿ ಅರೇ ಬಂದರೆ? ಒಂದೇ ಅಂಕಿ ಇದ್ದರೆ? ಋಣ ಸಂಖ್ಯೆ ಬಂದರೆ? ಅಂಕಿಯೇ ಅಲ್ಲದ್ದು, ಅಂದರೆ ನ್ಯಾನ್, ನಡುವೆ ಸಿಕ್ಕಿದರೆ? ಬೇರೆ ಭಾಷೆಗಳು ಏನು ಮಾಡುತ್ತವೆ ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.

ಪಠ್ಯದ ವಿಷಯಕ್ಕೆ ಬಂದರೆ ಕನ್ನಡಿಗರಾದ ನಾವು ಸುಮ್ಮನಿರಬಾರದು. 'ಕನ್ನಡ' ಎಂಬ ಪದದ ಉದ್ದ ಎಷ್ಟು? ಓದುವವರಿಗೆ ಮೂರು ಅಕ್ಷರ: ಕ, ನ್ನ, ಡ. ಪೈಥಾನ್ ಅನ್ನು ಕೇಳಿದರೆ 5, ಏಕೆಂದರೆ ಅದು ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತದೆ. ಗೋ ಭಾಷೆಯನ್ನು ಕೇಳಿದರೆ 15, ಅದು ಪದವನ್ನು ಕಂಪ್ಯೂಟರ್‌ನಲ್ಲಿ ಇಡಲು ಬೇಕಾದ ಯುಟಿಎಫ್-8 ಬೈಟ್‌ಗಳ ಎಣಿಕೆ. ಮೊದಲ ನಾಲ್ಕು ಬೈಟ್ ಕತ್ತರಿಸಿ ತೆಗೆದರೆ ನ ಎಂಬ ಅಕ್ಷರ ನಡುವೆಯೇ ಸೀಳಿಹೋಗುತ್ತದೆ. ಅಂಕಿಗಳೂ ಅಷ್ಟೇ. '೧೨೩' ಎಂಬ ಸ್ಟ್ರಿಂಗನ್ನು ಪೈಥಾನ್ ಪೂರ್ಣಾಂಕ ಮಾಡಿದರೆ 123 ಸಿಗುತ್ತದೆ. ಜಾವಾಸ್ಕ್ರಿಪ್ಟ್ ಅದನ್ನು ಅಂಕಿ ಎಂದೇ ಒಪ್ಪುವುದಿಲ್ಲ. 'ದೊಡ್ಡಕ್ಷರ ಮಾಡು' ಎಂಬ ಫಂಕ್ಷನ್‌ಗೆ ನಮ್ಮ ಲಿಪಿಯಲ್ಲಿ ಅರ್ಥವೇ ಇಲ್ಲ.

ಎಲ್ಲ ಲಿಪಿಗಳನ್ನೂ ಮೊದಲ ದಿನವೇ ಸಂಭಾಳಿಸಬೇಕು ಎಂದು ನಾನು ಹೇಳುವುದಿಲ್ಲ. ಆದರೆ ಹೆಸರು ನಿಜ ಹೇಳಬೇಕು. ಎಸ್‌ಟಿಡಿಲಿಬ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಮಾಡುವ ಫಂಕ್ಷನ್‌ಗಳ ಮಾಡ್ಯೂಲ್‌ಗೆ 'ಆಸ್ಕಿ' ಎಂದೇ ಹೆಸರು. ಆಸ್ಕಿ ಎಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಹಳೇ ಸಂಕೇತಪಟ್ಟಿ. ಎಷ್ಟು ಮಾಡುತ್ತೇನೋ ಅಷ್ಟನ್ನೇ ಹೇಳುವ ಹೆಸರು. ನಾಳೆ ಯಾರಾದರೂ ಯೂನಿಕೋಡ್ ಮಾಡ್ಯೂಲ್ ಬರೆದರೆ ಒಳ್ಳೆಯ ಹೆಸರು ಅವರಿಗಾಗಿ ಖಾಲಿ ಇರುತ್ತದೆ. ನಿಮ್ಮ ಭಾಷೆಯ ಲೈಬ್ರರಿಯಲ್ಲಿ ಸ್ಟ್ರಿಂಗ್ ಬಗ್ಗೆ ಚರ್ಚೆ ನಡೆಯುತ್ತಿದ್ದರೆ 'ಕನ್ನಡ', 'ಸ್ತ್ರೀ', 'ಅರ್ಥ' ಇಂಥ ಪದಗಳನ್ನು ಟೆಸ್ಟ್‌ಗೆ ಸೇರಿಸಿ ಎಂದು ಕೇಳಿ. ಒತ್ತಕ್ಷರ, ಅರ್ಕಾವತ್ತು ದಿನಾ ಬರೆಯುವವರು ಹೇಳದಿದ್ದರೆ ಬೇರೆಯವರಿಗೆ ಇದು ಹೊಳೆಯುವುದಿಲ್ಲ.

ಕೊನೆಯದಾಗಿ, ತಪ್ಪಾದಾಗ ಏನಾಗಬೇಕು? ಪ್ರೋಗ್ರಾಮ್ ನಿಲ್ಲಬೇಕೋ, ದೋಷದ ಸಂಕೇತ ಹಿಂದಿರುಗಬೇಕೋ? ಇದನ್ನು ಇಡೀ ಲೈಬ್ರರಿಗೆ ಒಂದೇ ಸಲ ತೀರ್ಮಾನಿಸಿ. ಮೂರು ದಿನದಿಂದ ಓಡುತ್ತಿರುವ ಹವಾಮಾನದ ಲೆಕ್ಕ ಒಂದು ಸಣ್ಣ ಫೈಲ್ ಸಿಗಲಿಲ್ಲ ಎಂದು ನಿಲ್ಲುವುದು ಯಾರಿಗೂ ಬೇಡ. ಬಳಸುವವರು ದೋಷದ ಆರ್ಗ್ಯುಮೆಂಟ್ ಕೊಟ್ಟರೆ ಅದರಲ್ಲಿ ಮಾಹಿತಿ ತುಂಬಿ ಹಿಂದಿರುಗುವುದು, ಕೊಡದಿದ್ದರೆ ಸ್ಪಷ್ಟ ಸಂದೇಶದೊಂದಿಗೆ ನಿಲ್ಲುವುದು. ಈ ಪದ್ಧತಿ ನನ್ನ ಅನುಭವದಲ್ಲಿ ಚೆನ್ನಾಗಿ ನಡೆಯುತ್ತದೆ.

6. ಕೋಡ್ ಮತ್ತು ಟೆಸ್ಟ್

ಒಪ್ಪಂದ ಗಟ್ಟಿಯಾಗಿದ್ದರೆ ಕೋಡ್ ಬರೆಯುವುದು ಸುಲಭ. ಮೊದಲು ಸರಿಯಾದ, ಸರಳವಾದ ಕೋಡ್ ಬರೆಯಿರಿ. ವೇಗ ಆಮೇಲೆ. ಆ ಸರಳ ಕೋಡನ್ನು ಎಸೆಯಬೇಡಿ. ನಾಳೆ ಬರುವ ವೇಗದ ಕೋಡ್ ಸರಿಯೋ ತಪ್ಪೋ ಎಂದು ಅದರ ಜೊತೆಗೇ ಹೋಲಿಸಿ ನೋಡಬಹುದು.

ಭಾಷೆಯ ಕೊರತೆಯನ್ನು ಒಪ್ಪಿಕೊಂಡು ಕೆಲಸ ಮಾಡಬೇಕಾಗುತ್ತದೆ. ಫೋರ್ಟ್ರಾನ್‌ನಲ್ಲಿ ಒಂದೇ ಸರಾಸರಿ ಫಂಕ್ಷನನ್ನು ಎಲ್ಲ ಬಗೆಯ ಅಂಕಿಗಳಿಗೂ, ಎಲ್ಲ ಆಯಾಮದ ಅರೇಗಳಿಗೂ ಬೇರೆ ಬೇರೆಯಾಗಿ ಬರೆಯಬೇಕು. ಅರೇಗೆ 15 ಆಯಾಮಗಳವರೆಗೆ ಅವಕಾಶ ಇದೆ. ಕೈಯಲ್ಲಿ ಬರೆದರೆ ನಕಲು ಮಾಡುವಾಗ ತಪ್ಪು ಗ್ಯಾರಂಟಿ. ಎಸ್‌ಟಿಡಿಲಿಬ್‌ನವರು 'ಫಿಪ್' ಎಂಬ ಪೈಥಾನ್ ಆಧಾರಿತ ಪ್ರೀಪ್ರೊಸೆಸರ್ (ಕಂಪೈಲ್ ಮಾಡುವ ಮೊದಲೇ ಕೋಡ್ ತಯಾರಿಸಿಕೊಡುವ ಸಾಧನ) ಬಳಸಿ, ಒಂದು ಅಚ್ಚಿನಿಂದ ಎಲ್ಲ ರೂಪಗಳನ್ನೂ ತೆಗೆಯುತ್ತಾರೆ. ಹಾಗೆ ತೆಗೆದ ಕೋಡ್ ಕಂಪೈಲ್ ಆಗಲು ಹೊತ್ತು ಹಿಡಿಯುತ್ತದೆ ಎಂದು ಎಷ್ಟು ಆಯಾಮ ಬೇಕು ಎಂಬುದನ್ನು ಬಳಸುವವರ ಕೈಗೇ ಬಿಟ್ಟಿದ್ದಾರೆ.

ಟೆಸ್ಟ್ ವಿಷಯದಲ್ಲಿ ಎರಡೇ ಮಾತು. ಸ್ಪೆಸಿಫಿಕೇಶನ್‌ನಲ್ಲಿ ಬರೆದ ಪ್ರತಿ ಅಂಚಿಗೂ ಒಂದು ಟೆಸ್ಟ್ ಇರಲಿ. ದಶಮಾಂಶದ ಅಂಕಿಗಳು ಪೂರ್ತಿ ಸಮ ಇವೆಯಾ ಎಂದು ನೋಡಬೇಡಿ, ಇಷ್ಟರೊಳಗಿನ ವ್ಯತ್ಯಾಸ ಸರಿ ಎಂದು ಮಿತಿ ಇಟ್ಟು ನೋಡಿ. ಕಂಪೈಲರ್ ಬದಲಾದರೆ ಕೊನೆಯ ಅಂಕೆ ಬದಲಾಗಬಹುದು. ಹಾಗಾಗಿ ನಿಮ್ಮ ಜನ ಬಳಸುವ ಎಲ್ಲ ಕಂಪೈಲರ್‌ಗಳಲ್ಲೂ, ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಪ್ರತಿ ಬದಲಾವಣೆಗೂ ಟೆಸ್ಟ್ ತಾನಾಗಿ ಓಡಬೇಕು.

ಡಾಕ್ಯುಮೆಂಟೇಶನ್ ಇಲ್ಲದ ಫಂಕ್ಷನನ್ನು ಮರ್ಜ್ ಮಾಡಬೇಡಿ, ಅಂದರೆ ಲೈಬ್ರರಿಗೆ ಸೇರಿಸಬೇಡಿ. ಪ್ರತಿಯೊಂದಕ್ಕೂ ಹಾಗೇ ಕಾಪಿ ಮಾಡಿ ಓಡಿಸಬಹುದಾದ ಒಂದು ಪೂರ್ತಿ ಪ್ರೋಗ್ರಾಮ್ ಇರಲಿ. ತುಣುಕು ಸಾಲದು. ಆ ಉದಾಹರಣೆಗಳನ್ನೂ ಟೆಸ್ಟ್ ಜೊತೆ ಓಡಿಸಿ, ಇಲ್ಲದಿದ್ದರೆ ವರ್ಷದೊಳಗೆ ಹಳಸುತ್ತವೆ.

7. 'ಪ್ರಾಯೋಗಿಕ' ಎಂಬ ಹೊಸ್ತಿಲು

ಎಷ್ಟೇ ಚರ್ಚೆ ಮಾಡಿದರೂ, ಬಳಸುವವರೆಗೆ ಕೆಲವು ತಪ್ಪು ಕಾಣುವುದಿಲ್ಲ. ಗೋ ಭಾಷೆಯವರು ಇದನ್ನು ಚೆನ್ನಾಗಿ ಮಾಡಿದರು. ಅರೇಗಳಂಥ ಸ್ಲೈಸ್‌ಗಳನ್ನು ನಿಭಾಯಿಸುವ ಫಂಕ್ಷನ್‌ಗಳನ್ನು ಮೊದಲು ಪ್ರಾಯೋಗಿಕ ಪ್ಯಾಕೇಜ್‌ನಲ್ಲಿ ಇಟ್ಟರು. ಅಲ್ಲಿ ಸಾರ್ಟ್ ಮಾಡಲು ಕೊಡುವ ಹೋಲಿಕೆಯ ಫಂಕ್ಷನ್ 'ಇದು ಚಿಕ್ಕದೇ, ಹೌದೋ ಅಲ್ಲವೋ' ಎಂದು ಹೇಳುತ್ತಿತ್ತು. 2023ರ ಆಗಸ್ಟ್‌ನ 1.21 ಆವೃತ್ತಿಯಲ್ಲಿ ಸ್ಟ್ಯಾಂಡರ್ಡ್ ಲೈಬ್ರರಿಗೆ ಬರುವ ಹೊತ್ತಿಗೆ ಅದು 'ಚಿಕ್ಕದು, ಸಮ, ದೊಡ್ಡದು' ಎಂದು ಮೂರು ಉತ್ತರ ಕೊಡುವಂತೆ ಬದಲಾಗಿತ್ತು. ಹೊಸ್ತಿಲಲ್ಲಿ ನಿಂತಿದ್ದಾಗಲೇ ತಿದ್ದಿದ್ದರಿಂದ ಸ್ಥಿರ ಲೈಬ್ರರಿಯನ್ನು ಮುರಿಯಬೇಕಾಗಲಿಲ್ಲ.

ರಸ್ಟ್‌ನಲ್ಲಿ ಇನ್ನೊಂದು ದಾರಿ. ಜನ ಹೊರಗಿನ ಪ್ಯಾಕೇಜ್ ಆಗಿ ವರ್ಷಗಟ್ಟಲೆ ಬಳಸಿದ್ದನ್ನು ಆಮೇಲೆ ಒಳಗೆ ತರುತ್ತಾರೆ. ಅಲ್ಲಿನ ಹ್ಯಾಶ್‌ಮ್ಯಾಪ್‌ನ ಒಳಗಿನ ಕೋಡ್ 2019ರಲ್ಲಿ 'ಹ್ಯಾಶ್‌ಬ್ರೌನ್' ಎಂಬ ಪ್ಯಾಕೇಜ್‌ನಿಂದ ಬಂತು. ಹೊರಗಿನ ಮುಖ ಬದಲಾಗಲಿಲ್ಲ, ಒಳಗು ಮಾತ್ರ ವೇಗವಾಯಿತು.

ಹೊಸ್ತಿಲು ದಾಟಲು ಏನು ಬೇಕು ಎಂದು ಮೊದಲೇ ಬರೆದಿಡಿ: ಬರೆದವರನ್ನು ಬಿಟ್ಟು ಕನಿಷ್ಠ ಮೂರು ಪ್ರಾಜೆಕ್ಟ್‌ಗಳ ಬಳಕೆ, ಎರಡು ಬಿಡುಗಡೆಗಳಲ್ಲಿ ಎಪಿಐ ಬದಲಾಗದೆ ಇರುವುದು. ಇದು ನಾನು ಇಟ್ಟುಕೊಳ್ಳುವ ಲೆಕ್ಕ. ನಿಮ್ಮ ಸಮುದಾಯ ಚಿಕ್ಕದಾದರೆ ಇಳಿಸಿಕೊಳ್ಳಿ. ಆದರೆ ಯಾವುದೂ ಕೊನೆಯಿಲ್ಲದೆ ಪ್ರಾಯೋಗಿಕವಾಗಿಯೇ ಉಳಿಯಬಾರದು. ಜನ ಅದನ್ನು ಸ್ಥಿರ ಎಂದೇ ನಂಬಿಬಿಡುತ್ತಾರೆ.

8. ಇನ್‌ಸ್ಟಾಲ್ ಒಂದು ಸಾಲಿನಲ್ಲಿ ಮುಗಿಯಬೇಕು

ಇನ್‌ಸ್ಟಾಲ್ ಮಾಡಲು ಅರ್ಧ ದಿನ ಬೇಕಾದರೆ ಜನ ಬೇಕಾದ ಒಂದು ಫಂಕ್ಷನನ್ನು ಕಾಪಿ ಮಾಡಿಕೊಂಡು ಹೋಗುತ್ತಾರೆ. ಮತ್ತೆ ಅದೇ ಮೂರೂರ ಸೇರು. ಫೋರ್ಟ್ರಾನ್‌ನವರು ಲೈಬ್ರರಿಯ ಜೊತೆಗೇ 'ಎಫ್‌ಪಿಎಂ' ಎಂಬ ಪ್ಯಾಕೇಜ್ ಮ್ಯಾನೇಜರ್ ಕಟ್ಟಿದ್ದು ಅದಕ್ಕೇ. ಈಗ ಪ್ರಾಜೆಕ್ಟ್‌ನ ಫೈಲ್‌ನಲ್ಲಿ ಒಂದು ಸಾಲು ಬರೆದರೆ ಎಸ್‌ಟಿಡಿಲಿಬ್ ಬಂದು ಕೂರುತ್ತದೆ. ನಿಮ್ಮ ಭಾಷೆಗೆ ಪ್ಯಾಕೇಜ್ ಮ್ಯಾನೇಜರ್ ಇಲ್ಲದಿದ್ದರೆ ಲೈಬ್ರರಿಯ ಅರ್ಧ ಶ್ರಮವನ್ನು ಅದಕ್ಕೆ ಹಾಕಿ. ಕಾಲೇಜಿನ ಲ್ಯಾಬ್‌ನಲ್ಲಿ, ನಿಧಾನದ ಇಂಟರ್‌ನೆಟ್‌ನಲ್ಲಿ, ಅಡ್ಮಿನ್ ಹಕ್ಕಿಲ್ಲದ ಕಂಪ್ಯೂಟರ್‌ನಲ್ಲಿ ಇನ್‌ಸ್ಟಾಲ್ ಮಾಡಿ ನೋಡಿ.

9. ಹಳೆಯದನ್ನು ಬೀಳ್ಕೊಡುವುದು

ಜಾವಾದ ಮೊದಲ 'ಡೇಟ್' ಕ್ಲಾಸ್‌ನಲ್ಲಿ ತಿಂಗಳು 0ಯಿಂದ ಶುರು, ವರ್ಷದಿಂದ 1900 ಕಳೆದು ಕೊಡಬೇಕು. 1997ರಲ್ಲೇ ಅದರ ಬಹುಪಾಲನ್ನು 'ಬಳಸಬೇಡಿ' ಎಂದು ಗುರುತು ಮಾಡಿದರು. ಒಳ್ಳೆಯ ಬದಲಿ ಬಂದದ್ದು 2014ರಲ್ಲಿ, ಜಾವಾ 8ರ ಜೊತೆ. ಹಳೆಯದು ಇನ್ನೂ ಇದೆ.

ಬದಲಿ ಸಿದ್ಧವಾಗದೆ 'ಬಳಸಬೇಡಿ' ಎಂದು ಗುರುತು ಮಾಡಬೇಡಿ. ಗುರುತು ಮಾಡುವಾಗ ಕಂಪೈಲರ್ ತೋರಿಸುವ ಸಂದೇಶದಲ್ಲೇ ಬದಲಿಯ ಹೆಸರಿರಲಿ. ಯಾವ ಆವೃತ್ತಿಯಲ್ಲಿ ತೆಗೆಯುತ್ತೀರಿ ಎಂದೂ ಹೇಳಿ. ಹೇಳಿದ ಮೇಲೆ ಮುಂಚೆ ತೆಗೆಯಬೇಡಿ. ಕೊಟ್ಟ ಮಾತು ಒಮ್ಮೆ ತಪ್ಪಿದರೂ ಜನ ಹೊಸ ಆವೃತ್ತಿ ಹಾಕಿಕೊಳ್ಳಲು ಹೆದರುತ್ತಾರೆ.

10. ಜನ

ಡಿ ಭಾಷೆಯ ಮೊದಲ ಆವೃತ್ತಿಯ ಕಾಲದಲ್ಲಿ ಎರಡು ಸ್ಟ್ಯಾಂಡರ್ಡ್ ಲೈಬ್ರರಿಗಳಿದ್ದವು. ಒಂದು ಭಾಷೆಯ ಜೊತೆ ಬಂದ 'ಫೋಬೋಸ್', ಇನ್ನೊಂದು ಸಮುದಾಯದವರು ಕಟ್ಟಿದ 'ಟ್ಯಾಂಗೋ'. ಎರಡರ ತಳದ ರನ್‌ಟೈಮ್ (ಪ್ರೋಗ್ರಾಮ್ ಓಡುವಾಗ ಅದಕ್ಕೆ ಆಸರೆಯಾಗುವ ಕೋಡ್) ಬೇರೆ ಬೇರೆ. ಒಂದೇ ಪ್ರೋಗ್ರಾಮ್‌ನಲ್ಲಿ ಎರಡನ್ನೂ ಸೇರಿಸಲು ಆಗುತ್ತಿರಲಿಲ್ಲ. ಹೊಸದಾಗಿ ಬಂದವರು ಭಾಷೆ ಕಲಿಯುವ ಮೊದಲೇ ಪಕ್ಷ ಆರಿಸಿಕೊಳ್ಳಬೇಕಿತ್ತು. ಎರಡನೆಯ ಆವೃತ್ತಿಯಲ್ಲಿ ತಳದ ರನ್‌ಟೈಮನ್ನು ಎಲ್ಲರಿಗೂ ಒಂದೇ ಮಾಡಿದರು. ಎರಡು ಕಡೆಯಲ್ಲೂ ಇದ್ದವರು ಸಮರ್ಥರು. ನಿಮ್ಮಲ್ಲೂ ಹೀಗೆ ಎರಡು ಗುಂಪು ಕಂಡರೆ ಲೈಬ್ರರಿಗಳನ್ನು ಒಂದು ಮಾಡಲು ಹೋಗಬೇಡಿ. ಮೊದಲು ಎರಡಕ್ಕೂ ಬೇಕಾದ ಚಿಕ್ಕ ತಳ ಯಾವುದು ನೋಡಿ, ಅಷ್ಟರ ಮೇಲೆ ಒಪ್ಪಂದ ಮಾಡಿಕೊಳ್ಳಿ.

ಹೊಸಬರ ಮೊದಲ ಪುಲ್ ರಿಕ್ವೆಸ್ಟ್‌ಗೆ (ನನ್ನ ಕೋಡ್ ಸೇರಿಸಿಕೊಳ್ಳಿ ಎಂಬ ಕೋರಿಕೆಗೆ) ಒಂದು ವಾರದೊಳಗೆ ಯಾರಾದರೂ ಮನುಷ್ಯರು ಉತ್ತರ ಬರೆಯಲಿ. ಪೂರ್ತಿ ರಿವ್ಯೂ ಆಗಬೇಕಿಲ್ಲ. 'ನೋಡಿದೆವು, ಚೆನ್ನಾಗಿದೆ, ಭಾನುವಾರ ಓದುತ್ತೇವೆ' ಎಂದರೂ ಸಾಕು. ಎರಡು ತಿಂಗಳು ಉತ್ತರ ಬಾರದೆ ಹೋದ ಹುಡುಗರು ಮತ್ತೆ ಬಂದದ್ದನ್ನು ನಾನು ನೋಡಿಲ್ಲ. ಬೇಡ ಎನ್ನಬೇಕಾದರೆ ಕಾರಣ ಬರೆದು ಬೇಡ ಎನ್ನಿ, ಆ ಕೋಡ್ ಬೇರೆ ಪ್ಯಾಕೇಜ್ ಆಗಿ ಎಲ್ಲಿ ಬದುಕಬಹುದು ಎಂದು ದಾರಿ ತೋರಿಸಿ.

ಬಿಡುಗಡೆ ಮಾಡುವ ಪಾಸ್‌ವರ್ಡ್ ಮತ್ತು ಕೀಲಿಗಳು ಮೂವರ ಬಳಿ ಇರಲಿ. ಬಿಡುಗಡೆಯ ಪ್ರತಿ ಹೆಜ್ಜೆಯೂ ಬರಹದಲ್ಲಿರಲಿ. ವರ್ಷಕ್ಕೊಮ್ಮೆಯಾದರೂ ಈ ಕೆಲಸವನ್ನು ಇದುವರೆಗೆ ಒಂದು ಸಲವೂ ಮಾಡದವರ ಕೈಗೆ ಕೊಡಿ. ಹಳಬರು ಪಕ್ಕದಲ್ಲಿ ಕೂತು ಬಾಯಿ ಬಿಡದೆ ನೋಡಲಿ. ಹೊಸಬರು ಎಲ್ಲಿ ತಡವರಿಸಿದರೋ ಅಲ್ಲಿ ಬರಹ ಸಾಲದು ಎಂದರ್ಥ. ಅವತ್ತೇ ಕೂತು ಆ ಸಾಲುಗಳನ್ನು ಸೇರಿಸಿ.